ಸತ್ತು ಮಾತ್ರೆ

ಪೂಂಗೊಡಿ ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಮಾತ್ರೆಯ ಪಟ್ಟಿಯನ್ನು ಒಂದೊಂದಾಗಿ ತುಂಡು ಮಾಡಿ, ಬನಿಯನ್ ಚಿಂದಿಯಲ್ಲಿ ಸುತ್ತಿಡುತ್ತಿದ್ದಳು. ಚಿಂದಿಯೊಳಗಿಟ್ಟು ಒತ್ತಿದರೆ ತಗಡು ಚಟ್ ಎನ್ನುವುದಿಲ್ಲ. ತಿರುಪ್ಪೂರಿನ ಆ ಹಾಸ್ಟೆಲ್ ಕೋಣೆಯಲ್ಲಿ ಉಳಿದ ಏಳು ಹುಡುಗಿಯರು ಬನಿಯನ್ ಕಂಪನಿಯ ವ್ಯಾನು ಬರುವುದರೊಳಗೆ ತಲೆ ಬಾಚಿಕೊಳ್ಳುತ್ತಿದ್ದರು.

(ಕಥೆ ಇಲ್ಲಿಂದ ಶುರುವಾಗಬೇಕೋ, ಒಂಬತ್ತನೇ ಕ್ಲಾಸಿನಲ್ಲಿ ಅವಳು ಪ್ರಾರ್ಥನೆಯ ಸಾಲಿನಲ್ಲಿ ಬಿದ್ದ ದಿನದಿಂದಲೋ? ಆ ದಿನದಿಂದಲೂ ಬರೆದು ನೋಡಿದೆ. ಎಲ್ಲರೂ ಸುತ್ತ ನಿಂತು ನೋಡಿದರು, ನೀವೂ ಸೇರಿ. ಹರಿದು ಹಾಕಿದೆ.)

೧
ಪಕ್ಕದ ಮಂಚದ ಅಂಜಲೈ ಕಂಡುಬಿಟ್ಟಳು. "ಏನ್ಡೀ ಅದು, ದಿನಾ ಬೆಕ್ಕು ಹಾಲು ಕುಡ್ದಂಗೆ ನುಂಗ್ತೀಯ?"

"ಸತ್ತು ಮಾತ್ರೆ."

(ತಮಿಳಿನಲ್ಲಿ ಸತ್ತು ಎಂದರೆ ಸತ್ವ, ಶಕ್ತಿ. ಕನ್ನಡದಲ್ಲಿ ಓದುವ ನೀವು ಬೇರೇನೋ ಅರ್ಥ ಮಾಡಿಕೊಂಡರೆ ತಪ್ಪು ನನ್ನದಲ್ಲ.)

"ಹಂಗಾದ್ರೆ ನಂಗೂ ಒಂದ್ ಕೊಡು. ಮಿಷನ್ ತುಳ್ದು ತುಳ್ದು ಸೊಂಟಾನೇ ಇಲ್ಲ. ನನ್ ಮುರುಕ್ಕು ಡಬ್ಬಿ ಖಾಲಿ ಮಾಡೋವಾಗ, ಇಬ್ರಿಗೂ ಒಂದೇ ಹೊಟ್ಟೆ ಅಂದಿದ್ದೆ ಅಲ್ವಾ ನೀನು?"

ಕಂಪನಿಯಲ್ಲಿ ಪೂಂಗೊಡಿಯ ಪಕ್ಕ ಕೂತು ಉಣ್ಣುವವಳು ಅಂಜಲೈ ಒಬ್ಬಳೇ. ಈಗ ಅವಳಿಂದ ಏನು ಮಾಡಿಸಲಿ?

೨
ಕೊಟ್ಟಳು ಎಂದು ಬರೆದೆ. ಹತ್ತು ಗಂಟೆಗೆ ಅಂಜಲೈಗೆ ತಲೆ ತಿರುಗಿತು, ಮಿಷನ್ ಸೂಜಿ ಹೆಬ್ಬೆರಳಿಗೆ ನಾಟಿತು. ಹೊಡೆದು ಹಾಕಿದೆ.

೩
ನಿಜ ಹೇಳಿದಳು ಎಂದು ಬರೆದೆ. ಇಲ್ಲಿ ಈ ಮೂರ್ಛೆ ಕಾಯಿಲೆಗೆ 'ಕಾಕ್ಕಾ ವಲಿಪ್ಪು' ಎನ್ನುತ್ತಾರೆ, ಕಾಗೆ ಸೆಳೆತ. ಅಮಾವಾಸ್ಯೆಯ ದಿನ ಕಾಗೆ ಉಂಡ ಮೇಲೆಯೇ ನಾವು ಉಣ್ಣುವುದು. ಕಾಗೆಯ ಹೆಸರಿನ ಕಾಯಿಲೆಯವಳ ಪಕ್ಕ ಮಾತ್ರ ಯಾರೂ ಉಣ್ಣುವುದಿಲ್ಲ. ಮಧ್ಯಾಹ್ನದ ಸಾಲಿನಲ್ಲಿ ಅವಳ ಎರಡೂ ಕಡೆ ಒಂದೊಂದು ತಟ್ಟೆಯ ಜಾಗ ಖಾಲಿ. ಬಿದ್ದಾಗ ಕೈಗೆ ಕೊಡಲೆಂದು ವಾರ್ಡನಮ್ಮ ಕಬ್ಬಿಣದ ಕೀಲಿಗೊಂಚಲನ್ನು ಅವಳ ದಿಂಬಿನ ಕೆಳಗಿಟ್ಟು ಹೋದರು.

(ಇದನ್ನು ಬರೆಯಲು ಏನನ್ನೂ ಕಲ್ಪಿಸಬೇಕಾಗಲಿಲ್ಲ. ಆದ್ದರಿಂದ ಇದೂ ಬೇಡ.)

೪
"ಅಕ್ಕಾ, ಕಥೇಲಾದ್ರೂ ನಂಗೆ ಗುಣ ಮಾಡು," ಎಂದಳು ಪೂಂಗೊಡಿ.

"ಒಂದಿನಾನೂ ಮಾತ್ರೆ ತಪ್ಪಿಸದೆ ಮೂರು ವರ್ಷದಿಂದ ಬಿದ್ದೇ ಇಲ್ವಲ್ಲ ನೀನು," ಎಂದೆ ನಾನು.

"ಬಿದ್ದಿಲ್ಲ. ಯಾರ ಪಕ್ಕ ಕೂತ್ರೂ ಬೀಳ್ತೀನಿ ಅಂತ ಕಾಯೋದೇ ಆಯ್ತು."

"ಅಂಜಲೈ ಹತ್ರ ಹೇಳ್ಬಿಡು."

"ನೀನು ಹೇಳಿದೀಯಾ ಯಾರಿಗಾದ್ರೂ?"

(ಪಾತ್ರಗಳಿಗೆ ಹೆಚ್ಚು ಮಾತು ಕೊಡಬಾರದು. ಈ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟಿದ್ದೆ.)

೫
ಅಂಜಲೈ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಾಳೆ. ಅಂಗೈಯ ಗೋರಂಟಿ ಅರ್ಧ ಮಾಸಿದೆ. ಕೆಳಗೆ ವ್ಯಾನು ಎರಡನೇ ಸಲ ಹಾರನ್ ಹೊಡೆಯಿತು. ಆಸ್ಪತ್ರೆಯವರು ಮಾತ್ರೆ ಕೊಡುವುದು ಸರಿಯಾಗಿ ಒಂದು ತಿಂಗಳಿಗಾಗುವಷ್ಟು. ಒಂದು ಕೊಟ್ಟರೆ ಒಂದು ಹೊತ್ತು ತಪ್ಪುತ್ತದೆ.

ಪೂಂಗೊಡಿ ಚಿಂದಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಬಾಯಿ ತೆರೆದಳು.

ಅವಳು ಏನು ಹೇಳಿದಳೆಂದು ನಾನು ಬರೆಯುವುದಿಲ್ಲ. ನಾನೇ ಹೇಳದ ಮಾತನ್ನು ಅವಳ ಬಾಯಲ್ಲಿ ಹೇಗೆ ಹೇಳಿಸಲಿ?

ನೀವು ಇಷ್ಟು ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ದೀರಿ. ನಾನು ಬಿದ್ದರೆ ಕೈಗೆ ಕೀಲಿ ಕೊಡಬೇಡಿ, ಬಾಯಿಗೆ ಚಮಚ ಇಡಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಎಚ್ಚರವಾಗುವವರೆಗೆ ಎದ್ದು ಹೋಗದೆ ಇರಿ.

ಇರುತ್ತೀರಾ?