ಸೂರಿನ ಚಿಪ್ಪು

ಪಕ್ಕದ ಮೇಜಿನ ಬಿಳಿ ಅಂಗಿಯ ಮನುಷ್ಯ ಕೆಂಪು ವೈನನ್ನು ಬಾಯಿಗೆ ಹಾಕಿಕೊಂಡು ಎಡಗೆನ್ನೆಗೊಮ್ಮೆ ಬಲಗೆನ್ನೆಗೊಮ್ಮೆ ಗಳಗಳ ಮುಕ್ಕಳಿಸಿದ. ಇನ್ನೇನು ಎದ್ದುಹೋಗಿ ಉಗಿದು ಬರುತ್ತಾನೆ ಎಂದು ಪಾಪಣ್ಣ ನೋಡುತ್ತಿದ್ದರೆ, ಆಸಾಮಿ ಕಣ್ಣು ಮುಚ್ಚಿ ಅದನ್ನು ಗುಟುಕ್ಕನೆ ನುಂಗಿಬಿಟ್ಟ. ನುಂಗಿದ್ದಲ್ಲದೆ "ವಾಹ್!" ಎಂದು ತಲೆ ಬೇರೆ ಆಡಿಸಿದ.

"ಥೂ ಥೂ, ನುಂಗೇಬಿಟ್ಟ ಕಣ್ರೀ!" ಉಚ್ಚಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಾಯಿ ತೊಳೆದ ನೀರನ್ನ ಯಾರಾನ ಕುಡೀತಾರೇನ್ರೀ? ಏನ್ ಜನಾನೋ ಏನೋ."

"ಮೆಲ್ಲಗೆ ಮಾತಾಡೇ. ಮಗಳ ಮರ್ಯಾದೆ ಐತೆ ಇಲ್ಲಿ."

ಹೆಂಡತಿಗೆ ಬುದ್ಧಿ ಹೇಳಿದನೇ ಹೊರತು ಪಾಪಣ್ಣನೂ ಅಲ್ಲಿನ ವಾಸನೆಗೆ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಹೊನ್ನಾಳಿ-ಶಿವಮೊಗ್ಗ ರೂಟಿನಲ್ಲಿ ಬಸ್ಸು ಓಡಿಸಿ ರಿಟೈರಾದವನು ಅವನು. ಕುಡಿದು ಬಂದವರು ಹಿಂದಿನ ಸೀಟಿನಲ್ಲಿ ಕಕ್ಕಿದ್ದನ್ನು ಎಷ್ಟು ಸಲ ನೀರು ಹೊಯ್ದು ತೊಳೆದಿದ್ದಾನೋ ಲೆಕ್ಕವಿಲ್ಲ. ಬುದ್ಧನ ದೀಕ್ಷೆ ತಗೊಂಡ ಮೇಲಂತೂ ಹೆಂಡದ ಅಂಗಡಿ ಇರುವ ಬೀದಿಯಲ್ಲೇ ಅವನು ನಡೆಯುತ್ತಿರಲಿಲ್ಲ. ಅಂಥವನು ಇವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೂಳೆಕೆರೆಯ ದಂಡೆಯಲ್ಲಿ ಹೊಸದಾಗಿ ಎದ್ದ 'ಏರಿ' ಎಂಬ ಈ ದೊಡ್ಡವರ ಹೋಟೆಲಿನಲ್ಲಿ, ಬಾಟಲಿಗಳ ಮಧ್ಯೆ ಕೂತಿದ್ದ. ಕೂತದ್ದು ಮಗಳ ಮುಖ ನೋಡಿ.

ಮಮತಾ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಗೋವಾದಲ್ಲಿ ಕೆಲಸ ಮಾಡಿ, ಈಗ ಇಲ್ಲಿಗೆ ಬಂದಿದ್ದಳು. ಬಾಟಲಿ ಎತ್ತಿ ಬಗ್ಗಿಸುವ ಕೆಲಸ ಹೆಣ್ಣುಮಗಳಿಗೆ ಯಾಕೆ ಎಂದು ಪಾಪಣ್ಣ ಮೊದಮೊದಲು ಮುಖ ಗಂಟು ಹಾಕಿದ್ದುಂಟು. "ಕುಡಿಯೋದು ಅವರ ಕರ್ಮ, ಕಲಸೋದು ನನ್ನ ವಿದ್ಯೆ" ಎಂದು ಅವಳು ನಕ್ಕಿದ್ದಳು. ಇವತ್ತು ಹೊಸ ಪಾನೀಯಗಳ ಬಿಡುಗಡೆ. ದಾವಣಗೆರೆ, ಚನ್ನಗಿರಿಯಿಂದ ಕಾರುಗಳಲ್ಲಿ ದೊಡ್ಡಮನುಷ್ಯರು ಬಂದಿದ್ದರು. ಬಂದವರಿಗೆ ಮಮತಾ ಮಾಡಿದ ಹೊಸ ಕಾಕ್‌ಟೇಲ್ ಹಿಡಿಸಿಬಿಟ್ಟರೆ ಇಡೀ ಬಾರಿಗೆ ಅವಳೇ ಮ್ಯಾನೇಜರು. ಮಾಲೀಕ ಮಹೇಶ್ವರಪ್ಪ ಬಾಯಿಬಿಟ್ಟು ಹೇಳಿದ್ದ. "ನೀವಿಬ್ರೂ ಬಂದು ನೋಡಬೇಕು. ಬರದಿದ್ರೆ ನಾನು ಊಟಾನೇ ಮಾಡಲ್ಲ" ಎಂದು ಮಗಳು ಹಟ ಹಿಡಿದು, ಕಾರು ಮಾಡಿ ಕಳಿಸಿದ್ದಳು.

ಕಿಟಕಿಯಾಚೆ ಕೆರೆ ಸಮುದ್ರದ ಹಾಗೆ ಬಿದ್ದುಕೊಂಡಿತ್ತು. ಕೆರೆಯ ಆ ಬದಿಯ ಊರೊಂದರಲ್ಲಿ ಪಾಪಣ್ಣ ಹುಟ್ಟಿದ್ದು. ಈ ಮಾತು ಮಗಳಿಗೆ ಗೊತ್ತಿಲ್ಲ. ಮೀಸೆ ಚಿಗುರುವ ಮೊದಲೇ ಆ ಊರು ಬಿಟ್ಟವನು ಮತ್ತೆ ಅತ್ತ ಕಾಲಿಟ್ಟಿರಲಿಲ್ಲ. ಕೇಳಿದವರಿಗೆಲ್ಲ ನಮ್ಮೂರು ಹೊನ್ನಾಳಿ ಎಂದೇ ಹೇಳಿಕೊಂಡು ಬಂದಿದ್ದ.

"ಅಪ್ಪಾ, ಅವ್ವಾ, ಕಣ್ಣು ಮುಚ್ಚಿ!"

ಮಮತಾ ಕರಿ ಕೋಟು ತೊಟ್ಟು, ಕೂದಲು ಎತ್ತಿ ಕಟ್ಟಿ, ತಟ್ಟೆ ಹಿಡಿದು ಬಂದಿದ್ದಳು. ಉಚ್ಚಂಗಮ್ಮ ಕಣ್ಣು ಮುಚ್ಚಿದಂತೆ ಮಾಡಿ ಬೆರಳ ಸಂದಿಯಿಂದ ಇಣುಕಿದಳು. ಪಾಪಣ್ಣ ನಿಜವಾಗಿಯೂ ಮುಚ್ಚಿದ. ತೆಗೆದಾಗ ಮುಂದೆ ಒಂದು ಹಗ್ಗದ ಸಿಂಬಿ, ಸಿಂಬಿಯ ಮೇಲೆ ಕರ‍್ರಗೆ ಮಿರಮಿರ ಮಿಂಚುವ ಅರ್ಧ ತೆಂಗಿನ ಚಿಪ್ಪು. ಒಳಗೆ ಕೆಂಚು ಬಣ್ಣದ ಪಾನಕ, ಅದರಲ್ಲಿ ತೇಲುವ ಐಸು, ಮೇಲೊಂದು ಪುದೀನಾ ಎಲೆ.

ಪಾಪಣ್ಣನ ಕೈ ಮೇಜಿನಿಂದ ತಾನಾಗಿ ಕೆಳಗಿಳಿಯಿತು.

"ಹೆದರಬೇಡಪ್ಪಾ, ನಿಮ್ಮಿಬ್ಬರದ್ದರಾಗೆ ಹೆಂಡ ಇಲ್ಲ. ಹುಣಸೆ, ಬೆಲ್ಲ, ಮೆಣಸು, ಸುಟ್ಟ ಶುಂಠಿ, ಅಷ್ಟೇ. ಬೇರೆಯೋರಿಗೆ ರಮ್ ಹಾಕ್ತೀನಿ. ಹೆಸರೂ 'ಚಿಪ್ಪು' ಅಂತಾನೇ. ಹೆಂಗೈತೆ ಐಡಿಯಾ?"

"ಯಾರದ್ದವ್ವ ಈ ಐಡಿಯಾ?" ಪಾಪಣ್ಣ ಚಿಪ್ಪಿನಿಂದ ಕಣ್ಣು ತೆಗೆಯದೆ ಕೇಳಿದ.

"ರುಚಿ ನಂದು. ಚಿಪ್ಪು ಮಾತ್ರ ನಮ್ಮ ಸಾರ್‌ದು. ಇಲ್ಲೇ ಆ ಕಡೆ ಊರಾಗೆ ಅವರಪ್ಪಂದು ಚಾದಂಗಡಿ ಇತ್ತಂತೆ. ಹೋಟ್ಲು ಬಸವರಾಜಪ್ಪ ಅಂದ್ರೆ ಭಾರೀ ಹೆಸರಂತೆ. ಅಲ್ಲಿ ಚಿಪ್ಪಿನಾಗೇ ಚಾ ಕೊಡ್ತಿದ್ರಂತೆ ಕಣಪ್ಪಾ! ಕೇಳಿದ ಕೂಡ್ಲೇ ನಂಗೆ ಮೈ ಜುಂ ಅಂತು."

ಮೈ ಜುಂ ಎಂದದ್ದು ಪಾಪಣ್ಣನಿಗೂ ಹೌದು. ಬಾರಿನ ಹತ್ತಿರ ನಿಂತು, ರೇಷ್ಮೆ ಜುಬ್ಬಾದಲ್ಲಿ ಹೊಟ್ಟೆ ಮುಂದೆ ಮಾಡಿ ನಗುತ್ತಿದ್ದ ಆ ಬೋಳುತಲೆಯ ಮಹೇಶ್ವರಪ್ಪನನ್ನು ಅವನು ಈಗ ಸರಿಯಾಗಿ ನೋಡಿದ. ತಲೆಗೆ ಕೂದಲು ಹಚ್ಚಿ, ಹೊಟ್ಟೆ ತೆಗೆದು, ಕೈಗೊಂದು ಚಾದ ಕೆಟಲ್ ಕೊಟ್ಟರೆ ಸಾಕು. ಅವನೇ. ಬಸವರಾಜಪ್ಪನ ಮಗ ಮಯೇಸ.

ಆ ಕಾಲದಲ್ಲಿ ಬಸವರಾಜಪ್ಪನ ಹೋಟ್ಲಿನ ಹುಲ್ಲಿನ ಸೂರಿಗೆ ಹೊರಗಡೆಯಿಂದ ಚಿಪ್ಪುಗಳನ್ನು ಸಿಗಿಸಿರುತ್ತಿದ್ದರು. ಒಳಗಿನ ಬೆಂಚಿನವರಿಗೆ ಗಾಜಿನ ಲೋಟ, ಕೇರಿಯವರಿಗೆ ಸೂರಿನ ಚಿಪ್ಪು. ತಾವೇ ಇಳಿಸಿಕೊಂಡು, ತಾವೇ ತೊಳೆದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎತ್ತಿ ಹಿಡಿಯಬೇಕು. ಮಯೇಸ ಮೇಲಿನಿಂದ ಹೊಯ್ಯುತ್ತಿದ್ದ. ಅರ್ಧ ಚಾ ಬೆರಳ ಮೇಲೆ. ಕುಡಿದಾದ ಮೇಲೆ ಮತ್ತೆ ತೊಳೆದು ಸೂರಿಗೆ ಸಿಗಿಸಿ ಬರಬೇಕು. ಒಂದು ದಿನ ಅವಸರಕ್ಕೆ ತೊಳೆಯದೆ ಹಿಡಿದ ಪಾಪಣ್ಣನ ಚಿಪ್ಪಿನ ತಳದಲ್ಲಿ ಅವಿತಿದ್ದ ಜಿರಳೆ ಬಿಸಿ ಚಾ ಬಿದ್ದೊಡನೆ ಕಾಲು ಮೇಲಾಗಿ ತೇಲಿತ್ತು. "ಜಿರಳೆ ಐತೆ" ಎಂದ ಹುಡುಗ ಪಾಪಣ್ಣನಿಗೆ ಮಯೇಸ, "ಅದಕ್ಕೆ ಬೇರೆ ಕಾಸು ಕೊಡಬೇಡ, ಕುಡಿ" ಎಂದು ನಕ್ಕಿದ್ದ. ಬೆಂಚಿನವರೂ ನಕ್ಕಿದ್ದರು. ಪಕ್ಕದಲ್ಲಿ ಕೂತಿದ್ದ ಪಾಪಣ್ಣನ ಅಪ್ಪ ಜಿರಳೆಯನ್ನು ಬೆರಳಿನಿಂದ ಎತ್ತಿ ಎಸೆದು, ತನ್ನ ಚಿಪ್ಪನ್ನು ಮಗನಿಗೆ ಕೊಟ್ಟು, ಮಗನದನ್ನು ತಾನು ತಗೊಂಡು, ಏನೂ ಆಗದವನ ಹಾಗೆ ಕುಡಿದುಬಿಟ್ಟ.

ಮಮತಾ ಹುಟ್ಟಿದ ದಿನ ಪಾಪಣ್ಣ ತೀರ್ಮಾನ ಮಾಡಿದ್ದ, ಈ ಹೊಲಸು ನನ್ನ ಬಾಯಿಗೇ ಕೊನೆಯಾಗಲಿ ಎಂದು. ಶಾಲೆಯ ಪುಸ್ತಕದಲ್ಲಿ ಅಸ್ಪೃಶ್ಯತೆಯ ಪಾಠ ಬಂದಾಗ ಅವಳು ಕೇಳಿದ್ದಳು, "ಅಪ್ಪಾ, ನಿಂಗೂ ಹಿಂಗೆ ಮಾಡಿದ್ರಾ?" "ನಮ್ಮ ಕಡೆ ಅದೆಲ್ಲ ಇರಲಿಲ್ಲ ಕಣವ್ವ" ಎಂದಿದ್ದ. ಮುಚ್ಚಿಟ್ಟದ್ದು ಎಲ್ಲಿ ಹೋಯಿತು? ಪಾಲಿಷ್ ಹಚ್ಚಿಕೊಂಡು, ಪುದೀನಾ ಮುಡಿದುಕೊಂಡು, ಮಗಳ ಕೈಯಿಂದಲೇ ಮುಂದೆ ಬಂದು ಕೂತಿತು.

"ಕುಡಿಯಪ್ಪಾ. ಎಲ್ಲರಿಗಿಂತ ಮುಂಚೆ ನಿಂಗೇ ತಂದಿದ್ದು."

ಅವಳ ಕಣ್ಣು ನೋಡಬೇಕಿತ್ತು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತಂದು ಮುಂದೆ ಹಿಡಿದಾಗಲೂ ಹೀಗೇ ನಿಂತಿದ್ದಳು. ಒಲ್ಲೆ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಿದರೆ ಇವತ್ತಿನ ದಿನವೂ ಹೋಯಿತು, ಮ್ಯಾನೇಜರ್ ಕೆಲಸವೂ ಹೋಯಿತು. ಪಾಪಣ್ಣ ಎರಡೂ ಕೈಯಲ್ಲಿ ಚಿಪ್ಪು ಎತ್ತಿದ. ತುಟಿಗೆ ಅದರ ಅಂಚು ತಾಗಿದಾಗ ಬೆನ್ನ ಹುರಿಯಲ್ಲಿ ಹುಳ ಹರಿದಂತಾಯಿತು. ಉಸಿರು ಬಿಗಿಹಿಡಿದು ಕುಡಿದ.

ರುಚಿಯಾಗಿತ್ತು. ಹುಳಿ, ಸಿಹಿ, ಕೊನೆಗೊಂದು ಖಾರ. ತನ್ನ ನಾಲಗೆ ಅದನ್ನು ಚಪ್ಪರಿಸಿದ್ದು ಕಂಡು ಪಾಪಣ್ಣನಿಗೆ ಅದೇ ನಾಲಗೆಯ ಮೇಲೆ ಅಸಹ್ಯವಾಯಿತು.

"ಚೆನ್ನಾಗೈತವ್ವ."

ಮಮತಾ ಅವನ ಹೆಗಲು ಒತ್ತಿ, ನಗುತ್ತ ಬಾರಿನತ್ತ ಓಡಿದಳು. ಅಷ್ಟರಲ್ಲಿ ಮಹೇಶ್ವರಪ್ಪ ಮೈಕು ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಉದ್ದ ಕಾಲಿನ ವೈನ್ ಗ್ಲಾಸು.

"ನೋಡ್ರಿ, ಆವಾಗ ಪ್ಲಾಸ್ಟಿಕ್ ಇಲ್ಲ, ಪೇಪರ್ ಕಪ್ಪು ಇಲ್ಲ. ನಮ್ಮ ತಂದೆಯೋರು ಬಂದೋರಿಗೆಲ್ಲ ಪ್ರೀತಿಯಿಂದ ತೆಂಗಿನ ಚಿಪ್ಪಿನಾಗೆ ಬಿಸಿಬಿಸಿ ಚಾ ಕೊಡೋರು. ಎಂಥಾ ಸರಳ ಜೀವನ ರೀ ಅದು! ಆ ಸಂಸ್ಕೃತಿ ಉಳೀಲಿ ಅಂತ ಇವತ್ತು ನಿಮ್ಮ ಮುಂದೆ ಅದೇ ಚಿಪ್ಪು ಇಡ್ತಾ ಇದೀನಿ."

ಚಪ್ಪಾಳೆ ಬಿತ್ತು. ಬಿಳಿ ಅಂಗಿಯವನಂತೂ "ಬ್ಯೂಟಿಫುಲ್" ಎಂದು ಒದರಿದ. ಪ್ರೀತಿಯಂತೆ! ಸಂಸ್ಕೃತಿಯಂತೆ! ಪಾಪಣ್ಣನ ಕಿವಿಯೊಳಗೆ ಯಾರೋ ಕಾರಿ ಉಗಿದಂತಾಯಿತು. ಅವನು ಎದ್ದ. ಎಲ್ಲಿಗೆ ಹೋಗುತ್ತಿದ್ದಾನೆಂದು ಅವನಿಗೇ ತಿಳಿಯಲಿಲ್ಲ. "ಎಲ್ಲಿಗ್ರೀ?" ಎಂದ ಹೆಂಡತಿಯ ಮಾತೂ ಕೇಳಿಸಲಿಲ್ಲ. ಗಾಜಿನ ಬಾಗಿಲು ನೂಕಿ ಹುಲ್ಲುಹಾಸಿಗೆ ಬಂದ. ಅಲ್ಲಿ ಅಂದಕ್ಕೆಂದು ಕಟ್ಟಿದ ಹುಲ್ಲಿನ ಗುಡಿಸಲು, ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ.

"ಅಪ್ಪಾ? ಏನ್ ಮಾಡ್ತಿದೀಯಾ?"

ಮಮತಾ ಹಿಂದೆಯೇ ಬಂದಿದ್ದಳು. ಪಾಪಣ್ಣ ತನ್ನ ಕೈ ನೋಡಿಕೊಂಡ. ಕೈ ಒದ್ದೆಯಾಗಿತ್ತು. ಚಿಪ್ಪನ್ನು ತೊಳೆದಾಗಿತ್ತು. ತೊಳೆದದ್ದಷ್ಟೇ ಅಲ್ಲ, ಅವನ ತೋಳು ಮೇಲಕ್ಕೆ ಹೋಗಿ, ಗುಡಿಸಲಿನ ಸೂರಿನ ಹುಲ್ಲು ಸರಿಸಿ, ಚಿಪ್ಪನ್ನು ಬೋರಲಾಗಿ ಸಿಗಿಸುತ್ತಿತ್ತು. ತಾನು ಮಾಡಿದ್ದಲ್ಲ. ಕೈ ತಾನೇ ಮಾಡಿತ್ತು. ಇಷ್ಟು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದ ಕೈ ಒಂದು ಗುಟುಕಿಗೇ ಮಯೇಸನ ಅಂಗಳಕ್ಕೆ ವಾಪಸು ಹೋಗಿತ್ತು.

ಅವನಿಗೆ ವಾಕರಿಕೆ ಒತ್ತಿ ಬಂತು. ನಲ್ಲಿಯ ಮೇಲೆ ಬಗ್ಗಿ ಹುಣಸೆ, ಬೆಲ್ಲ, ಶುಂಠಿ ಎಲ್ಲ ಕಕ್ಕಿದ. ಮಮತಾ ಅವನ ಹಣೆ ಹಿಡಿದುಕೊಂಡಳು.

"ಏನಾಯ್ತಪ್ಪಾ? ಅದರಾಗೆ ಏನೂ ಇರಲಿಲ್ಲ, ನಿನ್ನಾಣೆಗೂ ರಮ್ ಹಾಕಿರಲಿಲ್ಲ..."

"ನಿನ್ನದೇನೂ ತಪ್ಪಿಲ್ಲವ್ವ. ಬಸ್ಸಿನಾಗೆ ಕಕ್ಕಿದೋರನ್ನ ಬೈಕೋತಿದ್ದೆ. ಇವತ್ತು ನಾನೇ..." ನಗಲು ನೋಡಿದ, ಆಗಲಿಲ್ಲ.

"ತೊಳೆದು ಅಲ್ಯಾಕೆ ಸಿಗಿಸಿದೆ?"

ಪಾಪಣ್ಣ ಬಾಯಿ ಒರೆಸಿಕೊಂಡು ಕೆರೆಯ ಆ ದಂಡೆಯತ್ತ ನೋಡಿದ. ಬಸ್ಸು ರಿವರ್ಸ್ ತಗೊಳ್ಳುವಾಗ ಹಿಂದೆ ನೋಡದೆ ಆಗುವುದಿಲ್ಲ. ಹೇಳಿದ. ಸೂರು, ಚಿಪ್ಪು, ಮೇಲಿನಿಂದ ಹೊಯ್ಯುವುದು, ಜಿರಳೆ, ಅಪ್ಪ. ನಾಲ್ಕೇ ಮಾತು. ಮಮತಾಳ ಮುಖದ ಬಣ್ಣ ಇಳಿಯಿತು. ತನ್ನ ಎರಡೂ ಅಂಗೈಯನ್ನು ಕೋಟಿಗೆ ಗಸಗಸ ಉಜ್ಜಿಕೊಂಡಳು.

"ನಾನೇ ಕೂತು ಪಾಲಿಷ್ ಹಾಕಿದೆ ಅಪ್ಪಾ. ಒಂದೊಂದನ್ನೂ," ಎಂದಳು. ಆಮೇಲೆ, "ಸಾರ್‌ಗೆ ಗೊತ್ತೈತಾ ಇದು?"

"ಹೊಯ್ತಿದ್ದೋನೇ ಅವನು."

ಒಳಗೆ ಮತ್ತೆ ನಗು ಎದ್ದಿತು. ಪಾಪಣ್ಣ ಮಗಳ ಕೈ ಹಿಡಿದ. "ಸುಮ್ನಿರವ್ವ. ಇಷ್ಟು ದಿನ ನಾನು ಸುಮ್ನಿರಲಿಲ್ವಾ? ನಿನ್ನ ಕೆಲಸ ದೊಡ್ಡದು. ನಾನೂ ನಿಮ್ಮವ್ವನೂ ಬಸ್ಸು ಹಿಡಿದು ಹೋಗ್ತೀವಿ."

"ನಿನ್ನ ಚಿಪ್ಪನ್ನ ತಾತ ತಗೊಂಡ. ಇದನ್ನ ಯಾರು ತಗೊಳ್ಳಬೇಕಪ್ಪಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಕೈ ಎತ್ತಿ ಸೂರಿನಿಂದ ಚಿಪ್ಪನ್ನು ಎಳೆದುಕೊಂಡು ಒಳಗೆ ನಡೆದೇಬಿಟ್ಟಳು. ಬಾರಿನಲ್ಲಿ ಅದನ್ನು ತುಂಬಿಸಿದಳು, ಅಳತೆಯಂತೆ ರಮ್ಮು ಹಾಕಿ, ಐಸು ಹಾಕಿ, ಪುದೀನಾ ಎಲೆಯನ್ನೂ ಇಟ್ಟು. ಪಾಪಣ್ಣ ಬಾಗಿಲಲ್ಲೇ ನಿಂತ. ಉಚ್ಚಂಗಮ್ಮ ಎದ್ದು ಬಂದು ಅವನ ಒದ್ದೆ ಕೈ ಹಿಡಿದುಕೊಂಡಳು.

ಅತಿಥಿಗಳೆಲ್ಲ ಫೋನು ಹಿಡಿದು ಕಾಯುತ್ತಿದ್ದರು. "ಮೊದಲು ನೀವೇ ಶುರು ಹಚ್ಚಿಕೊಳ್ರಿ ಸಾಹುಕಾರ್ರೇ, ಫೋಟೋ ತೆಗಿತೀವಿ" ಎಂದು ಯಾರೋ ಕೂಗಿದರು.

ಮಮತಾ ಚಿಪ್ಪನ್ನು ಮಹೇಶ್ವರಪ್ಪನ ಮುಂದೆ ಚಾಚಿದಳು.

"ಇರಲಿ ಇರಲಿ, ನಂಗಿದೇ ಸಾಕು" ಎಂದು ಅವನು ವೈನ್ ಗ್ಲಾಸು ಎತ್ತಿ ತೋರಿಸಿದ.

"ಒಂದು ಗುಟುಕು ಸಾರ್. ನಿಮ್ಮ ತಂದೆಯೋರ ಹೋಟ್ಲಿನಾಗೆ ನೀವೂ ಚಿಪ್ಪಿನಾಗೇ ಕುಡೀತಿದ್ರಿ ಅಲ್ವಾ?"

"ಏ, ನಾವ್ಯಾಕಮ್ಮ ಅದರಾಗೆ ಕುಡಿಯಾನ..."

ಮಾತು ಬಾಯಿಂದ ಜಾರಿದ ಮೇಲೆ ಮಹೇಶ್ವರಪ್ಪ ತುಟಿ ಕಚ್ಚಿಕೊಂಡ. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಮಾತು ಮೂಲೆಮೂಲೆಗೂ ಮುಟ್ಟಿತ್ತು.

"ಮತ್ತೆ ಯಾರು ಕುಡೀತಿದ್ರು ಸಾರ್?"

ಮಹೇಶ್ವರಪ್ಪನ ಕಣ್ಣು ಮಮತಾಳನ್ನು ದಾಟಿ ಬಾಗಿಲಿಗೆ ಬಂತು. ಅಲ್ಲಿ ನಿಂತಿದ್ದ ಮುದುಕನನ್ನು ನೋಡಿತು, ಮತ್ತೆ ನೋಡಿತು. ಗುರುತು ಸಿಕ್ಕಿತೋ ಇಲ್ಲವೋ, ಮುಖ ಮಾತ್ರ ಹುಳ್ಳಗಾಯಿತು.

"ನಮ್ಮಪ್ಪ ಕುಡಿದಿದ್ದ. ಇವತ್ತೂ ಕುಡಿದ," ಮಮತಾ ಹೇಳಿದಳು. "ಈಗ ನೀವು ಕುಡೀರಿ. ಕುಡಿದು, ನೀವೇ ತೊಳೆದು, ಹೊರಗಡೆ ಸೂರಿಗೆ ಸಿಗಿಸಿ ಬರ‍್ರಿ. ಆಮೇಲೆ ಉಳಿದೋರಿಗೆ ಕೊಡ್ತೀನಿ."

ಮ್ಯಾನೇಜರ್ ಕೆಲಸ ಅಲ್ಲಿಗೆ ಮುಗಿಯಿತೆಂದು ಪಾಪಣ್ಣನಿಗೆ ಗೊತ್ತಾಯಿತು. ಮಗಳಿಗೂ ಗೊತ್ತಿತ್ತು. ಆದರೂ ಅವಳು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಪಕ್ಕದ ಮೇಜಿನ ಬಿಳಿ ಅಂಗಿಯವನ ಕೆನ್ನೆ ಉಬ್ಬಿಕೊಂಡಿತ್ತು. ಬಾಯೊಳಗಿನ ವೈನನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಕೂತಿದ್ದ. ಮಹೇಶ್ವರಪ್ಪನ ಕೈ ಮುಂದೆ ಬರಲಿಲ್ಲ. ಚಾಚಿದ ಚಿಪ್ಪಿನ ತಳದಿಂದ ನಲ್ಲಿಯ ನೀರು ಬಿಳಿ ಮೇಜುಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.