ಕುಂಬಳದ ಪಾತಿಯ ತಗಡು

ಇಪ್ಪತ್ತೆರಡು ವರ್ಷ ಗಂಡನ ಮನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾನು ಆಲೂಗಡ್ಡೆ ಸಿಪ್ಪೆ ತೆಗೆದಿದ್ದೇನೆ. ಹಿಟ್ಟಿನ ಹಾಳೆಯೊಳಗೆ ಸಿಹಿ ತಿರುಳು ತುಂಬಿ ಬೇಯಿಸುವ ಕುಂಬಳದ ಪೈ ಮಾತ್ರ ಅತ್ತೆ ಅಲ್ವೀನಾ ಅವರದು. ಅದನ್ನು ಮಾಡುವ ದಿನ ಅಡುಗೆಮನೆಗೆ ಯಾರೂ ಕಾಲಿಡುವಂತಿರಲಿಲ್ಲ. ಈ ವರ್ಷ ಅವರ ಕೈ ನಡುಗಲು ಶುರುವಾಯಿತು. "ಲೊರೀನ್, ಈ ಸಲ ನೀನೇ ಮಾಡು" ಎಂದರು. ಖುಷಿಯ ಜೊತೆಗೇ ಹೆದರಿಕೆಯೂ ಆಯಿತು. ಕೆಟ್ಟರೆ ಮುಂದಿನ ವರ್ಷ ಪೈ ನನ್ನ ಓರಗಿತ್ತಿ ಡಾರ್ಲಿನ್ ಪಾಲಿಗೆ ಹೋಗುತ್ತದೆ, ನನಗೆ ಮತ್ತೆ ಆಲೂಗಡ್ಡೆಯೇ ಗತಿ.

ಮಾವ ಮರ್ಲ್ ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ಶುರುಮಾಡಿದರು.

"ಅಂಗಡಿ ಡಬ್ಬಿ ಕುಂಬಳ ಹಾಕಿದ್ರೆ ಒಂದೇ ತುತ್ತಿಗೆ ಕಂಡುಹಿಡೀತೀನಿ, ಹುಷಾರು! ನಲವತ್ತೊಂಬತ್ತು ವರ್ಷ ನನ್ನ ಹೆಂಡ್ತಿ ನಮ್ಮ ಹಿತ್ತಲಿನ ಕಾಯಿ ಬಿಟ್ಟು ಬೇರೇದು ಮುಟ್ಟಿಲ್ಲ."

ಆ ಹಿತ್ತಲಿನ ಪಾತಿಯನ್ನು ಪ್ರತಿ ವಸಂತದಲ್ಲೂ ಅಗೆಯುವವಳು ನಾನೇ. ಅಗೆದಾಗಲೆಲ್ಲ ತುಕ್ಕು ಹಿಡಿದ ತಗಡಿನ ಚೂರು ಸಿಗುತ್ತಿದ್ದವು. ತಮಗೆ ಈ ಮನೆ ಮಾರಿದವನು ಕಸವನ್ನೆಲ್ಲ ಅಲ್ಲೇ ಹೂತಿದ್ದನೆಂದು ಮಾವ ಅವನಿಗೆ ಶಾಪ ಹಾಕುತ್ತಿದ್ದರು. ಈ ವರ್ಷ ಪೈಗೆಂದು ಬೆಳೆದಿದ್ದ ಪುಟ್ಟ ಸಿಹಿಗುಂಬಳಗಳನ್ನೆಲ್ಲ ಜಿಂಕೆಗಳು ತಿಂದು ಮುಗಿಸಿದ್ದವು. ಉಳಿದದ್ದು ಹ್ಯಾಲೋವೀನ್ ಹಬ್ಬದಲ್ಲಿ ಬಾಗಿಲ ಮುಂದೆ ಅಲಂಕಾರಕ್ಕೆ ಕೂರಿಸಿದ್ದ ದೊಡ್ಡ ಕಾಯಿ ಮಾತ್ರ. ಯಾವುದಾದರೇನು, ಕುಂಬಳ ಕುಂಬಳವೇ ತಾನೆ ಎಂದುಕೊಂಡು ಅದನ್ನೇ ಹೊತ್ತು ತಂದೆ.

ಅತ್ತೆ ಕಿಟಕಿಯ ಪಕ್ಕ ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದರು. ಕಾಯಿಯನ್ನು ಸೀಳಿ, ಬೀಜ ಬಳಿದು, ಹೋಳುಗಳನ್ನು ಬೋರಲು ಹಾಕಿ ಒವನ್ನಿನಲ್ಲಿ ಬೇಯಿಸಿದೆ. ಸಿಪ್ಪೆ ಸುಕ್ಕುಗಟ್ಟಿದ ಮೇಲೆ ತಿರುಳನ್ನು ಚಮಚದಿಂದ ಕೆರೆದು ಜರಡಿಯಲ್ಲಿ ತಿಕ್ಕಿದೆ. ನಾರೆಲ್ಲ ಮೇಲುಳಿಯಿತು, ಕೆಳಗೆ ಬಿದ್ದದ್ದು ತೆಳ್ಳನೆಯ ಗಂಜಿ. ಅದನ್ನು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿದೆ.

"ಸೋರ್ಲಿ ಬಿಡು, ಅವಸರ ಮಾಡ್ಬೇಡ. ನಾನೊಂದು ನಿದ್ದೆ ಮಾಡಿ ಬರ್ತೀನಿ" ಎಂದು ಅತ್ತೆ ಎದ್ದುಹೋದರು.

ಮೂರು ಗಂಟೆ ಸೋರಿತು. ಬಟ್ಟೆ ಬಿಚ್ಚಿದರೆ ಒಳಗಿದ್ದದ್ದು ಒಂದೂವರೆ ಬಟ್ಟಲು. ಬಣ್ಣವೂ ಇಲ್ಲ, ಸಿಹಿಯೂ ಇಲ್ಲ, ಒದ್ದೆ ಕಾಗದ ಅಗಿದ ಹಾಗಿತ್ತು. ನನಗೆ ಅಳುವೇ ಬಂತು. ಯಾವುದಕ್ಕೂ ಇರಲಿ ಎಂದು ಚಳಿಗಾಲಕ್ಕೆಂದು ಹುರುಳಿಕಾಯಿ ತುಂಬಿಟ್ಟ ಬಾಟಲಿಗಳ ಹಿಂದೆ ಅಡಗಿಸಿಟ್ಟಿದ್ದ ಕುಂಬಳದ ತಗಡಿನ ಡಬ್ಬಿಯನ್ನು ಹೊರಗೆ ತೆಗೆದೆ. ಡಬ್ಬಿ ಕೊಯ್ಯುವ ಓಪನರ್ ತಿರುಗಿಸಿದೆನೋ ಇಲ್ಲವೋ, ಹಾಳಾದ್ದು ಮನೆಯೆಲ್ಲ ಕೇಳುವಂತೆ ಕಿರುಗುಟ್ಟಿತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ನಾನು ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ, ನಲವತ್ತಾರು ವರ್ಷದ ಹೆಂಗಸು!

"ಅದಕ್ಕೆ ಎರಡು ಹನಿ ಎಣ್ಣೆ ಬಿಡ್ಬೇಕು ಕಣೆ" ಎಂದರು ಅವರು. "ಆಗ ಸದ್ದು ಬರಲ್ಲ."

"ಅಮ್ಮಾ, ಅದು..."

"ಎರಡನ್ನೂ ಸೇರಿಸಿ ಕಲಸು. ಶುಂಠಿ ಒಂದು ಚಿಟಿಕೆ ಜಾಸ್ತಿ ಹಾಕು. ಡಬ್ಬೀನ ಮಾತ್ರ ಕಸದ ಬುಟ್ಟಿಗೆ ಹಾಕ್ಬೇಡ, ಮರ್ಲ್ ಕಣ್ಣಿಗೆ ಬೀಳುತ್ತೆ. ಗುದ್ದಲಿ ಶೆಡ್ಡಲ್ಲಿದೆ."

ನನಗೆ ಪಾತಿಯ ತಗಡಿನ ಚೂರುಗಳು ನೆನಪಾದವು. ಇಪ್ಪತ್ತೆರಡು ವರ್ಷ ಅವನ್ನು ಹೆಕ್ಕಿ ಹೆಕ್ಕಿ ಬೆರಳು ಕುಯ್ದುಕೊಂಡವಳು ನಾನು!

"ಎಷ್ಟು ವರ್ಷದಿಂದ ಅಮ್ಮಾ?"

"ಜಿಂಕೆ ನುಗ್ಗಿದ ವರ್ಷ, ಕಾಯಿ ಕೊಳೆತ ವರ್ಷ, ಮಕ್ಕಳು ಚಿಕ್ಕೋರಿದ್ದು ಪುರುಸೊತ್ತೇ ಇಲ್ದಿದ್ದ ವರ್ಷ... ಯಾರು ಲೆಕ್ಕ ಇಟ್ರು?"

ಮೊದಲು ಸಿಟ್ಟು ಬಂತು. ಆಮೇಲೆ ಆ ನಡುಗುವ ಕೈಗಳನ್ನು ನೋಡಿ, ಈ ಹೆಂಗಸಿನ ಮೇಲೆ ಯಾವತ್ತೂ ಇಲ್ಲದಷ್ಟು ಪ್ರೀತಿ ಬಂತು. ಗುದ್ದಲಿ ತರಲು ಹೋದೆ.

ಮರುದಿನ ಊಟದ ಮೇಜಿನಲ್ಲಿ ಮಾವ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎಲ್ಲರೂ ಕಾದರು.

"ಇದು ನೋಡು ಹಿತ್ತಲಿನ ಕಾಯಿ ರುಚಿ ಅಂದ್ರೆ! ಇನ್ಮೇಲೆ ಪೈ ಲೊರೀನ್‌ದೇ."

ಡಾರ್ಲಿನ್ ಮುಖ ಸಣ್ಣಗಾಯಿತು. ಅತ್ತೆ ನನಗೆ ಕೆನೆಯ ಬಟ್ಟಲು ದಾಟಿಸುವ ನೆಪದಲ್ಲಿ ಬಾಗಿ, ನನ್ನೊಬ್ಬಳಿಗೇ ಕೇಳುವಂತೆ ಅಂದರು:

"ಗುದ್ದಲಿ ತೊಳೆದಿಟ್ಟೆ ತಾನೆ?"