ಪಡುವಣಕ್ಕೆ ಮುಖ

ಕೊರೋನಾ ಕಾಲದ ಮಾತು ಬಂದರೆ ಸಾಕು, ನಮ್ಮ ಹೆಂಗಸರಿಗೆಲ್ಲ ಬಾಯಿ ಬಂದುಬಿಡುತ್ತದೆ. ಮೊನ್ನೆ ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವ ಬಸ್ಸಿನಲ್ಲೂ ಅದೇ ಆಯಿತು. ಹಾಲುರಾಮೇಶ್ವರಕ್ಕೆ ಹೋಗಿಬಂದ ನಾಲ್ಕಾರು ಜನ ಹಿಂದಿನ ಸೀಟಿನಲ್ಲಿ ಕೂತು, ನೀನಾಗ ಎಲ್ಲಿದ್ದೆ, ನಾನಾಗ ಎಲ್ಲಿದ್ದೆ ಎಂದು ಶುರು ಹಚ್ಚಿಕೊಂಡರು. ಒಬ್ಬಳು ತವರುಮನೆಯಲ್ಲಿ ಸಿಕ್ಕಿಹಾಕಿಕೊಂಡು ಅತ್ತೆಯ ಕಾಟವಿಲ್ಲದೆ ಸುಖವಾಗಿದ್ದಳಂತೆ. ಇನ್ನೊಬ್ಬಳು ಹಪ್ಪಳ ಸಂಡಿಗೆ ಮಾಡಿ ಮಾಡಿ ಅಟ್ಟ ತುಂಬಿಸಿದಳಂತೆ. ಮತ್ತೊಬ್ಬಳ ಗಂಡ ಮಕ್ಕಳ ಕೂದಲು ತಾನೇ ಕತ್ತರಿಸಿ ಇಲಿ ಕಡಿದ ಹಾಗೆ ಮಾಡಿಟ್ಟನಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಬ್ಬಳು ನನ್ನ ಭುಜ ಮುಟ್ಟಿ, "ಆವಾಗ ನೀವೆಲ್ಲಿದ್ರಿ ಅಮ್ಮ?" ಎಂದಳು.

ಆಸ್ಪತ್ರೆಯಲ್ಲಿದ್ದೆ ಎಂದೆ.

"ಹುಷಾರಾಗಿ ಬಂದ್ರಲ್ಲ, ನಿಮ್ಮ ಪುಣ್ಯ ದೊಡ್ಡದು" ಎಂದಳು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿಟಕಿ ಕಡೆ ತಿರುಗಿ ಕೂತೆ.

ಹೊಳಲ್ಕೆರೆ ಪೇಟೆಯಲ್ಲಿ 'ತಿಪ್ಪೇರುದ್ರಪ್ಪ ಅಂಡ್ ಸನ್ಸ್' ಎಂಬ ಕಿರಾಣಿ ಅಂಗಡಿ ಇತ್ತಲ್ಲ, ಅದು ನಮ್ಮದು. ಸನ್ಸ್ ಯಾರೂ ಇರಲಿಲ್ಲ, ಇದ್ದವಳು ದಿವ್ಯಾ ಒಬ್ಬಳೇ ಮಗಳು. ಸನ್ಸ್ ಎಲ್ಲಿ ಎಂದು ಯಾರಾದರೂ ಛೇಡಿಸಿದರೆ, "ಬೋರ್ಡು ಬರೆದೋನ್ನ ಕೇಳ್ರಿ" ಎನ್ನುತ್ತಿದ್ದರು ನಮ್ಮ ಯಜಮಾನರು. ಬೆಳಗಾದರೆ ಅಂಗಡಿಯ ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಗಿರಾಕಿ ಇದ್ದರೂ ಅದೇ ಭಂಗಿ, ಇಲ್ಲದಿದ್ದರೂ ಅದೇ ಭಂಗಿ. ಅವರನ್ನು ನೆನೆಸಿಕೊಂಡರೆ ನನಗೆ ಕಣ್ಣಿಗೆ ಬರುವುದೇ ಹಾಗೆ ಕೂತವರು.

ಎರಡನೇ ಅಲೆಯಲ್ಲಿ ನಮ್ಮಿಬ್ಬರಿಗೂ ಒಟ್ಟಿಗೇ ಕೆಮ್ಮು ಹತ್ತಿತು. ಒಂದೇ ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಗಂಡಸರ ವಾರ್ಡು ಬೇರೆ, ಹೆಂಗಸರ ವಾರ್ಡು ಬೇರೆ. ಬಾಗಿಲಲ್ಲಿ ಬೇರೆಯಾಗುವಾಗ, "ಮಾತ್ರೆ ನುಂಗು, ಕಸದ ಬುಟ್ಟಿಗೆ ಹಾಕ್ಬ್ಯಾಡ" ಎಂದರು. ಅದೇ ಕೊನೆ ಮಾತು ಎಂದು ಯಾರಿಗೆ ಗೊತ್ತಿತ್ತು? ನಾನು ತಿರುಗಿ ನೋಡಲೂ ಇಲ್ಲ. ಆಮೇಲೆ ಎರಡು ದಿನ ಫೋನಿನಲ್ಲಿ ಬರೀ ಉಸಿರು ಕೇಳಿಸುತ್ತಿತ್ತು, ಮಾತಾಡಲು ಆಗುತ್ತಿರಲಿಲ್ಲ. ಮೂರನೇ ದಿನ ಫೋನ್ ಎತ್ತಲೇ ಇಲ್ಲ. ನನಗೆ ಕೋಪ ಬಂತು. ಬಿಸಿನೀರು ತಂದುಕೊಡಲಿಲ್ಲ ಎಂದು ನರ್ಸಮ್ಮನ ಮೇಲೆ ಹರಿಹಾಯ್ದೆ. ಗೋಡೆಯ ಆಚೆ ಇರುವ ಗಂಡನಿಗೆ ಹೆಂಡತಿಯ ಫೋನ್ ಎತ್ತಲು ಏನು ರೋಗ ಎಂದು ಪಕ್ಕದ ಹಾಸಿಗೆಯವಳ ಹತ್ತಿರ ಹೇಳಿಕೊಂಡೆ. ಅವಳು ಮುಖ ತಿರುಗಿಸಿಕೊಂಡಳು. ಅವಳಿಗೆ ಗೊತ್ತಿತ್ತೋ ಏನೋ.

ಆ ಹೊತ್ತಿಗೆ ಅವರನ್ನು ನಮ್ಮ ಹೊಲದಲ್ಲಿ ಮಣ್ಣು ಮಾಡುತ್ತಿದ್ದರು.

ನನಗೆ ಹೇಳಿದ್ದು ಹುಷಾರಾಗಿ ಮನೆಗೆ ಬಂದ ಮೇಲೆ. ಹೇಳಿದ್ದೂ ಫೋನಿನಲ್ಲಿ. ದಿವ್ಯಾ ಹಿರಿಯೂರಿನ ಗಂಡನ ಮನೆಯಲ್ಲಿ ತುಂಬಿದ ಬಸುರಿ, ಬರುವ ಹಾಗಿರಲಿಲ್ಲ. ಅಳಿಯ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಮಾವನ ಇಷ್ಟಲಿಂಗ ಇದ್ದ ಕವರನ್ನು ಹೆಣ ಸಾಗಿಸುವ ಹುಡುಗರ ಕೈಗೆ ಕೊಟ್ಟು, ಅಲ್ಲಿಂದಲೇ ಕೈ ಮುಗಿದು ವಾಪಸ್ಸು ಬಂದಿದ್ದ. ನೆಂಟರು ಯಾರೂ ಬರಲಿಲ್ಲ. ಅಯ್ಯನೋರೂ ಬರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕೂರಿಸುತ್ತೇವೆ. ಚಕ್ಕಳಮಕ್ಕಳ ಹಾಕಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ತುಂಬಿ, ಪೂಜೆಗೆ ಕೂತವರ ಹಾಗೆ. ನಮ್ಮ ಮನೆತನದಲ್ಲಿ ಮೂಡಣಕ್ಕೆ ಮುಖ. ಅದಕ್ಕೇ ಹೇಗೆ ಸತ್ತರು ಎಂದು ನಾನು ಕೇಳಲಿಲ್ಲ.

"ಕೂರಿಸಿದ್ರಂತಾ?" ಎಂದೆ.

"ಹೂಂ ಅಮ್ಮ. ಶಾಕಿರಣ್ಣನ್ನ ನಾನೇ ಕೇಳ್ದೆ. ಕೂರಿಸಿದ್ವಿ ಅಂದ್ರು" ಎಂದಳು ದಿವ್ಯಾ.

ಶಾಕಿರ್ ಎಂದರೆ ಪೇಟೆಯ ಹಾಸಿಗೆ ಅಂಗಡಿಯವನು. ಅವರಪ್ಪ ಮಹಮ್ಮದ್ ಗೌಸ್ ಸಾಬರು ಹತ್ತಿ ಹಿಂಜಿ ನಮ್ಮ ಮದುವೆಯ ಗಾದಿ ಹೊಲಿದುಕೊಟ್ಟವರು. ಆ ಕಾಲದಲ್ಲಿ ಹೆತ್ತ ಮಕ್ಕಳೇ ಹೆಣ ಮುಟ್ಟಲು ಹೆದರುತ್ತಿದ್ದಾಗ, ಶಾಕಿರ್ ಮತ್ತವನ ಗೆಳೆಯರು ಜಾತಿ ಕೇಳದೆ ಊರವರನ್ನೆಲ್ಲ ಮಣ್ಣಿಗೆ ಸೇರಿಸಿದರು.

ಕೂರಿಸಿದ್ವಿ ಎಂಬ ಆ ಒಂದು ಮಾತು ನನ್ನನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿತು. ಎಲ್ಲ ತಪ್ಪಿದರೂ ಅದೊಂದು ತಪ್ಪಲಿಲ್ಲವಲ್ಲ ಎಂದುಕೊಂಡೆ. ಸೋಮವಾರ ಬಂದರೆ ಆಟೋ ಹತ್ತಿ ಹೊಲಕ್ಕೆ ಹೋಗುತ್ತಿದ್ದೆ. ಕಲ್ಲು ಒಟ್ಟಿದ್ದ ಜಾಗದ ಮೂಡಣ ಬದಿಗೆ, ಅವರ ಮುಖಕ್ಕೆ ಮುಖ ಕೊಟ್ಟು, ನೆಲದ ಮೇಲೆ ಕೂರುತ್ತಿದ್ದೆ. ಗಾದಿ ಮೇಲೆ ಅವರು, ಮೆಟ್ಟಿಲ ಮೇಲೆ ನಾನು, ಅಂಗಡಿಯಲ್ಲಿ ಹೇಗೋ ಹಾಗೆ. ಮೊಮ್ಮಗಳು ಹುಟ್ಟಿದ್ದು, ಅವಳಿಗೆ ಇವರದೇ ಮೂಗು ಬಂದದ್ದು, ಅಂಗಡಿ ಬಾಡಿಗೆಗೆ ಕೊಟ್ಟದ್ದು, ಬಾಡಿಗೆಯವನು ಬೋರ್ಡು ಕಿತ್ತು ಹಾಕಿದ್ದು, ಎಲ್ಲ ಹೇಳಿದೆ. ಬೈದೆ ಕೂಡ. ಅವತ್ತು ನಿಮಗೆ ಏನಾದರೂ ಗೊತ್ತಾಯಿತಾ, ನನ್ನನ್ನು ಕರೆದಿರಾ ಎಂದು ಕೇಳಿದೆ. ಎದುರಿಗೆ ಕೂತವರ ಹತ್ತಿರ ಏನನ್ನಾದರೂ ಕೇಳಬಹುದು.

ಈ ವರ್ಷ ದಿವ್ಯಾ, ಅಪ್ಪಾಜಿಗೆ ಒಂದು ಗದ್ದುಗೆ ಕಟ್ಟಿಸೋಣ ಎಂದಳು. ಗಾರೆ ಕೆಲಸದ ಕಾಟಲಿಂಗಪ್ಪನನ್ನು ಗೊತ್ತು ಮಾಡಿದೆವು. ಜಾಗ ತೋರಿಸಲು ಶಾಕಿರ್‌ಗೂ ಬಾ ಎಂದಿದ್ದೆ. ಅವನು ನಾಳೆ ನಾಡಿದ್ದು ಎನ್ನುತ್ತ ತಪ್ಪಿಸಿಕೊಂಡ. ಹಾಸಿಗೆ ಸೀಜನ್ ಇರಬೇಕು ಎಂದುಕೊಂಡು, ದಿವ್ಯಾಳನ್ನು ಕರೆದುಕೊಂಡು ಹೋಗಿ ಕಾಟಲಿಂಗಪ್ಪನಿಗೆ ನಾನೇ ಜಾಗ ತೋರಿಸಿದೆ. ಕೂತವರಿಗೆ ಎಷ್ಟು ಜಾಗ ಬೇಕು? ಅವನು ಕಲ್ಲುಗಳನ್ನು ಸರಿಸಿ, ಸುಣ್ಣದ ಪುಡಿಯಲ್ಲಿ ಚೌಕ ಎಳೆದ. ಪಾಯ ತೆಗೆಯಲು ತೆಂಕಣ ಬದಿಗೆ ನಿಂತು ಹಾರೆ ಎತ್ತಿದ.

ಅಷ್ಟರಲ್ಲಿ ಬದುವಿನ ಮೇಲೆ ಬೈಕ್ ಬಂತು. ಶಾಕಿರ್ ಅದನ್ನು ಸ್ಟ್ಯಾಂಡ್ ಕೂಡ ಹಾಕದೆ ಕೆಡವಿ ಓಡಿಬಂದ.

"ಹಾಕ್ಬ್ಯಾಡ್ರಿ! ಅಲ್ಲಿ ಹಾರೆ ಹಾಕ್ಬ್ಯಾಡ್ರಿ! ಕಾಲೈತೆ ಅಲ್ಲಿ!"

ಕಾಟಲಿಂಗಪ್ಪ ಎತ್ತಿದ ಹಾರೆಯನ್ನು ಹಾಗೇ ಹಿಡಿದು ನಿಂತ. "ಯಾರ ಕಾಲಪ್ಪ?" ಎಂದ.

ಶಾಕಿರ್ ನನ್ನ ಮುಖ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ನನಗೆ ಎಲ್ಲ ಗೊತ್ತಾಗಿಹೋಯಿತು. ಅಲ್ಲೇ ನೆಲದ ಮೇಲೆ ಕೂತೆ.

"ಮಲಗಿಸಿದ್ಯಾ?" ಎಂದೆ.

"ಹೂಂ ಅಮ್ಮ."

"ಕೂರಿಸಿದ್ವಿ ಅಂದಿದ್ದೆ."

"ದಿವ್ಯಕ್ಕ ಫೋನಲ್ಲಿ ಅಳ್ತಿದ್ರು. ತುಂಬಿದ ಬಸುರಿ. ಇಲ್ಲ ಅನ್ನಾಕೆ ನಂಗೆ ಬಾಯಿ ಬರ್ಲಿಲ್ಲ."

ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಹಾಸಿಗೆ ಅಂಗಡಿಯೋನು ಕಣೋ ನೀನು! ಮಲಗಿಸೋದು ಬಿಟ್ರೆ ನಿಂಗೆ ಇನ್ನೇನು ಗೊತ್ತು!" ಎಂದು ಕೂಗಿದೆ. ದಿವ್ಯಾ ನನ್ನ ಕೈ ಹಿಡಿದಳು, ಕೊಡವಿದೆ. ಒಂದು ಹಿಡಿ ಮಣ್ಣು ತೆಗೆದು ಅವನ ಮೇಲೆ ಎರಚಿದೆ. ಅವನು ಒರೆಸಿಕೊಳ್ಳಲೂ ಇಲ್ಲ. ನನ್ನ ಎದುರಿಗೆ ಮಂಡಿಯೂರಿ ಕೂತ.

"ಬ್ಯಾಗ್ ಬಿಚ್ಚಂಗಿಲ್ಲ ಅಂತ ಆರ್ಡರ್ ಇತ್ತಮ್ಮ. ಮೈ ಬಗ್ತಿರ್ಲಿಲ್ಲ. ಜೆಸಿಬಿಯೋನು ಗುಂಡೀನ ಉದ್ದಕ್ಕೆ ತೆಗ್ದು ಹೋಗ್ಬಿಟ್ಟಿದ್ದ. ನಿಮ್ಮ ಶಾಸ್ತ್ರ ಮಾಡಾಕೆ ನನ್ ಕೈಲಿ ಆಗ್ಲಿಲ್ಲ. ಹಂಗೇ ಇಳಿಸಿ ಬಂದ್ಬಿಡಾಕೂ ಮನಸ್ಸು ಬರ್ಲಿಲ್ಲ. ನಮ್ಮ ಅಬ್ಬಾಗೆ ಹೆಂಗೆ ಮಾಡಿದ್ನೋ ಹಂಗೇ ಮಾಡ್ದೆ. ತಲೆ ಬಡಗಣಕ್ಕೆ. ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಮಣ್ಣಿನ ಹೆಂಟೆ ಕೊಟ್ಟು, ಮುಖ ಪಡುವಣಕ್ಕೆ. ನಂಗೆ ಗೊತ್ತಿದ್ದಿದ್ದು ಅದೊಂದೇ ಅಮ್ಮ."

ಬಡಗಣಕ್ಕೆ ತಲೆ ಹಾಕಿ ಮಲಗಿದರೆ ಎಬ್ಬಿಸಿ ಬೈಯುತ್ತಿದ್ದ ಮನೆ ನಮ್ಮದು. ಅದು ಯಾವುದೂ ಆಗ ನೆನಪಿಗೆ ಬರಲಿಲ್ಲ. ಅವರಪ್ಪನಿಗೆ ಮಾಡಿದ ಹಾಗೆ ಎಂದನಲ್ಲ, ಅದೊಂದೇ ಕಿವಿಯಲ್ಲಿ ಉಳಿಯಿತು.

"ಲಿಂಗ?" ಎಂದೆ.

"ಎಡಗೈಲಿ ಇಡ್ರಿ ಅಂದಿದ್ರು ನಿಮ್ಮ ಅಳಿಯ. ಬಲಮಗ್ಗುಲಾದ್ರೆ ಎಡಗೈ ಮ್ಯಾಲೆ ಬರ್ತೈತಲ್ಲ. ಬ್ಯಾಗಿನ ಮ್ಯಾಲೆ ತಡವಿ ನೋಡಿ, ಕೈ ಇದ್ದ ಕಡೆ ಇಟ್ಟು, ಜಾರ್ದಂಗೆ ನಾನೇ ಮೊದಲ ಮಣ್ಣು ಹಾಕ್ದೆ."

ಎಲ್ಲರಿಗೂ ಹೆದರಿಕೆಯಾಗಿದ್ದ ಮೈಯನ್ನು ಇವನು ತಡವಿ ನೋಡಿ ಕೈ ಹುಡುಕಿದ್ದ. ಆಗ ನಾನು ಬಿಸಿನೀರಿಗೆ ಜಗಳ ಆಡುತ್ತಿದ್ದೆ.

ನನಗೆ ಇನ್ನೊಂದು ಹೊಳೆದದ್ದು ಆಮೇಲೆ. ಮುಖ ಪಡುವಣಕ್ಕೆ. ನಾನು ಕೂತಿದ್ದು ಮೂಡಣಕ್ಕೆ. ಸಂಸಾರ ಮಾಡಿದಷ್ಟು ಕಾಲವೂ ಮಂಚದ ಮೇಲೆ ನನಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿ ಮಲಗಿದ ಮನುಷ್ಯ. ಈ ಕಡೆ ತಿರುಗ್ರಿ ಎಂದರೆ, ನಿನ್ನ ಉಸಿರು ಮುಖಕ್ಕೆ ಬಡಿಯುತ್ತದೆ ಎನ್ನುತ್ತಿದ್ದರು. ಅಷ್ಟು ಸೋಮವಾರ, ಮೊಮ್ಮಗಳ ಮೂಗಿನ ಸುದ್ದಿಯಿಂದ ಹಿಡಿದು ಎಲ್ಲವನ್ನೂ, ನಾನು ಅವರ ಬೆನ್ನಿಗೆ ಹೇಳಿದ್ದೆ. ನಗು ಬಂತು. ನಗುತ್ತ ನಗುತ್ತಲೇ ಅಳು ಒತ್ತರಿಸಿಕೊಂಡು ಬಂತು. ಅವರು ಹೋದ ಸುದ್ದಿ ಕೇಳಿದ ದಿನ ನಾನು ಅತ್ತಿರಲಿಲ್ಲ. ಅಳಲು ಹೆಣವಾದರೂ ಎದುರಿಗೆ ಬೇಡವೇ? ಈಗ ಅತ್ತೆ. ದಿವ್ಯಾ ಅಳುತ್ತಿದ್ದಳು, ಶಾಕಿರ್ ಅಳುತ್ತಿದ್ದ. ಕಾಟಲಿಂಗಪ್ಪ ಹಾರೆ ಕೆಳಗಿಟ್ಟು ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಎದ್ದು, ಬಳಸಿಕೊಂಡು, ಪಡುವಣ ಬದಿಗೆ ಹೋಗಿ ಕೂತೆ. "ಮುಖ ಎಲ್ಲಿಗೆ ಬರ್ತೈತೆ?" ಎಂದೆ. ಶಾಕಿರ್ ಬಂದು ನೆಲದ ಮೇಲೆ ಕೈ ಇಟ್ಟು ತೋರಿಸಿದ. ಅವನು ಕೈ ತೆಗೆದ ಮೇಲೆ ಅದೇ ಜಾಗದಲ್ಲಿ ನನ್ನ ಕೈ ಇಟ್ಟೆ. ಬಿಸಿಲಿಗೆ ಮಣ್ಣು ಬೆಚ್ಚಗಿತ್ತು.

ಕಾಟಲಿಂಗಪ್ಪ ಮೆಲ್ಲಗೆ ಕೆಮ್ಮಿದ. "ಚೌಕ ಅಳಿಸ್ಲಾ ಅಮ್ಮ? ಉದ್ದಕ್ಕೆ ಹಾಕ್ಬೇಕು. ಅಗಲ ಎಷ್ಟು ಮಾಡ್ಲಿ?"

"ಇಬ್ರಿಗಾಗೋಷ್ಟು ಮಾಡಪ್ಪ. ನಾನು ಕುಂತಿರೋ ಈ ಜಾಗ ಒಳಗೆ ಬರಂಗೆ."

ದಿವ್ಯಾ ಗಾಬರಿಯಾದಳು. "ಏನಮ್ಮ ಹಂಗಂದ್ರೆ? ನಿನ್ನೂ ಮಲಗಿಸ್ಬೇಕಾ? ಮಠದೋರು ಏನಂತಾರೆ, ಜನ ಏನಂತಾರೆ?"

"ಅವತ್ತು ಅವ್ರೆಲ್ಲ ಎಲ್ಲಿದ್ರಂತೆ?" ಎಂದೆ.

ಅವಳು ತಲೆ ತಗ್ಗಿಸಿದಳು. ಅವಳನ್ನು ನೋಯಿಸಬೇಕೆಂದು ಅಂದ ಮಾತಲ್ಲ ಅದು. ನಾನಾದರೂ ಎಲ್ಲಿದ್ದೆ? ಅವಳ ತಲೆ ಸವರಿ, ಶಾಕಿರ್ ಕಡೆ ತಿರುಗಿದೆ.

"ಶಾಕಿರ್, ನನ್ನ ಕಾಲ ಬಂದಾಗ ಯಾರಿರ್ತಾರೋ ಯಾರಿಲ್ವೋ. ನೀನೇ ಬಂದು ಮಲಗಿಸು. ಇಲ್ಲೇ, ಅವ್ರ ಕಡೆ ಮುಖ ಮಾಡಿ."

ಅವನು ಕಣ್ಣೊರೆಸಿಕೊಂಡು ನೆಲ ನೋಡಿದ. ಅವನ ಕೈ ಗಾಳಿಯಲ್ಲೇ ಒಂದು ಮೈಯನ್ನು ಮೆಲ್ಲಗೆ ಹೊರಳಿಸಿತು.

"ಆ ಕಡೆ ಮುಖ ಆದ್ರೆ ಎಡಗೈ ಕೆಳಕ್ಕೆ ಬರ್ತೈತಮ್ಮ. ಲಿಂಗ ಮೈ ಅಡಿಗೆ ಆಗ್ತೈತೆ."

"ಆಗ್ಲಿ ಬಿಡಪ್ಪ" ಎಂದೆ. "ಬೀಳ್ದಂಗೆ ನಾನೇ ಹಿಡ್ಕಂತೀನಿ."